‘ಮಿನಾರಿ’ಯ ಅಜ್ಜಿ ಇಷ್ಟು ವರ್ಷ ಎಲ್ಲಿದ್ದರು?

ಓದುಗರ ಪತ್ರ: ಕೊರಿಯಾದ ನಟಿ ಯೂನ್ ಯೊಜಂಗ್ ಅವರನ್ನು ‘73ನೇ ವಯಸ್ಸಿನಲ್ಲಿ ಅದೃಷ್ಟ ಖುಲಾಯಿಸಿದ, ಆಸ್ಕರ್ ಗೆದ್ದ ಏಷ್ಯಾದ ಮೊದಲ ನಟಿ’ ಎಂದು ಬರೆದಿದ್ದೀರಿ. ಅವರ ಸಿನಿಮಾಗಳ ಪಟ್ಟಿ ತೆಗೆದು ನೋಡಿದೆ. 1972ರ ನಂತರ 1985ಕ್ಕೆ ಜಿಗಿಯುತ್ತದೆ, ಅಲ್ಲಿಂದ 2003ರವರೆಗೆ ಹೆಚ್ಚುಕಡಿಮೆ ಖಾಲಿ. ಇಷ್ಟು ವರ್ಷ ಅವರು ಏನು ಮಾಡುತ್ತಿದ್ದರು? ಹೆಸರನ್ನೂ ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಾರೆ, ಸರಿ ಯಾವುದು? ನೋಡುವುದಾದರೆ ಯಾವುದರಿಂದ ಶುರು ಮಾಡಬೇಕು?

ಸಂಪಾದಕರ ಉತ್ತರ: ಮೊದಲು ನಮ್ಮ ತಪ್ಪು. ನಟನೆಗೆ ಆಸ್ಕರ್ ಪಡೆದ ಏಷ್ಯಾದ ಮೊದಲ ನಟಿ ಜಪಾನಿನ ಮಿಯೋಷಿ ಉಮೇಕಿ, 1957ರ ‘ಸಯೊನಾರ’ ಚಿತ್ರಕ್ಕಾಗಿ. ‘ಮಿನಾರಿ’ ಚಿತ್ರದ ಅಜ್ಜಿಯ ಪಾತ್ರಕ್ಕೆ ಅದನ್ನು ಪಡೆದ ಯೂನ್ ಎರಡನೆಯವರು. ಕೊರಿಯಾದ ಕಲಾವಿದರಲ್ಲಿ ಮಾತ್ರ, ಗಂಡು ಹೆಣ್ಣು ಸೇರಿಸಿ, ಅವರೇ ಮೊದಲಿಗರು. ‘ಅದೃಷ್ಟ ಖುಲಾಯಿಸಿತು’ ಎಂಬ ಮಾತು ಅದಕ್ಕಿಂತ ದೊಡ್ಡ ತಪ್ಪು. ತಡವಾಗಿ ಬಂದದ್ದು ಹೊರಗಿನವರ ಗಮನ. ಕೆಲಸ ಅವರಿಗೆ ಬಹಳ ಹಿಂದೆಯೇ ಸಿಕ್ಕಿತ್ತು.

ನೀವು ನೋಡಿದ್ದು ಸಿನಿಮಾ ಪಟ್ಟಿ. ಕೊರಿಯಾದ ಆ ತಲೆಮಾರಿನ ನಟಿಯರನ್ನು ಅಳೆಯುವಾಗ ಪಕ್ಕದಲ್ಲೇ ಇರುವ ಧಾರಾವಾಹಿ ಪಟ್ಟಿಯನ್ನೂ ತೆರೆಯಬೇಕು. ಯೂನ್ ಹುಟ್ಟಿದ್ದು 1947ರಲ್ಲಿ, ಈಗ ಉತ್ತರ ಕೊರಿಯಾದಲ್ಲಿರುವ ಕೇಸಾಂಗ್ ಊರಿನಲ್ಲಿ. ಹಾನ್ಯಾಂಗ್ ವಿಶ್ವವಿದ್ಯಾಲಯದಲ್ಲಿ ಕೊರಿಯನ್ ಸಾಹಿತ್ಯ ಓದುತ್ತಿದ್ದಾಗಲೇ, 1966ರಲ್ಲಿ, ಟಿಬಿಸಿ ವಾಹಿನಿಯ ಕಲಾವಿದರ ಆಯ್ಕೆಯಲ್ಲಿ ತೇರ್ಗಡೆಯಾದರು. ಆಗ ವಾಹಿನಿಗಳು ಬಹಿರಂಗ ಪರೀಕ್ಷೆ ನಡೆಸಿ, ತಂಡ ತಂಡವಾಗಿ ನಟನಟಿಯರನ್ನು ಆರಿಸಿಕೊಳ್ಳುತ್ತಿದ್ದವು. ‘ಇಂಥ ವಾಹಿನಿಯ ಇಷ್ಟನೇ ಬ್ಯಾಚು’ ಎಂಬುದು ಜೀವನವಿಡೀ ಉಳಿಯುವ ಗುರುತು, ಹಿರಿಯರು ಕಿರಿಯರು ಎಂಬ ಲೆಕ್ಕವೂ ಅದರಿಂದಲೇ. ಅವರನ್ನು ಆರಿಸಿದ ಟಿಬಿಸಿ ಇಂದಿಲ್ಲ, 1980ರಲ್ಲಿ ಸೇನಾಡಳಿತ ಅದನ್ನು ಸರ್ಕಾರಿ ವಾಹಿನಿ ಕೆಬಿಎಸ್ ಜೊತೆ ವಿಲೀನ ಮಾಡಿತು. ಟೇಪು ದುಬಾರಿಯಾಗಿದ್ದ ಕಾಲ, ಒಂದರ ಮೇಲೊಂದು ರೆಕಾರ್ಡ್ ಮಾಡಿ ಮತ್ತೆ ಮತ್ತೆ ಬಳಸುತ್ತಿದ್ದರು. ಆ ದಿನಗಳ ಧಾರಾವಾಹಿಗಳಲ್ಲಿ ಬಹುಪಾಲು ಈಗ ನೋಡಲು ಸಿಗುವುದಿಲ್ಲ. ಅವರ ಮೊದಲ ವರ್ಷಗಳು ಹೊರಗಿನವರಿಗೆ ಕಾಣದಿರಲು ಇದೂ ಒಂದು ಕಾರಣ.

1971ರಲ್ಲಿ ಎರಡು ಸಂಗತಿ ಒಟ್ಟಿಗೆ ನಡೆದವು. ಎಂಬಿಸಿ ವಾಹಿನಿಯ ಐತಿಹಾಸಿಕ ಧಾರಾವಾಹಿಯಲ್ಲಿ ರಾಣಿಯನ್ನೇ ಅರಮನೆಯಿಂದ ಹೊರಹಾಕಿಸುವ ಜಾಂಗ್ ಹುಯ್‌ಬಿನ್ ಪಾತ್ರ ಮಾಡಿದರು. ಜನ ಎಷ್ಟು ಸಿಟ್ಟಾದರೆಂದರೆ ಅವರ ಮುಖವಿದ್ದ ತಂಪು ಪಾನೀಯದ ಜಾಹೀರಾತು ಪೋಸ್ಟರುಗಳ ಕಣ್ಣು ಚುಚ್ಚಿ ಹೋಗುತ್ತಿದ್ದರು. ಅದೇ ವರ್ಷ ನಿರ್ದೇಶಕ ಕಿಮ್ ಕಿ-ಯಂಗ್ ಅವರ ‘ಹ್ವಾನ್ಯೊ’ (ಬೆಂಕಿಯ ಹೆಣ್ಣು) ಮೂಲಕ ಚಿತ್ರರಂಗಕ್ಕೆ ಬಂದರು. ಕೋಳಿ ಸಾಕಣೆ ಮಾಡುವ ಮನೆಯೊಂದಕ್ಕೆ ಹಳ್ಳಿಯಿಂದ ಬರುವ ಕೆಲಸದ ಹುಡುಗಿಯ ಪಾತ್ರ. ಅದಕ್ಕೆ ಕೊರಿಯಾದ ಬ್ಲೂ ಡ್ರ್ಯಾಗನ್ ಚಲನಚಿತ್ರ ಪ್ರಶಸ್ತಿಗಳಲ್ಲಿ, ಸ್ಪೇನಿನ ಸಿಟ್ಜೆಸ್ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟಿ. ವಿದೇಶಿ ಪ್ರಶಸ್ತಿ ಅವರಿಗೆ 24ನೇ ವಯಸ್ಸಿಗೇ ಬಂದಿತ್ತು! ಮರುವರ್ಷ ಅದೇ ನಿರ್ದೇಶಕರ ‘ಚುಂಗ್‌ನ್ಯೊ’. 2021ರ ಆಸ್ಕರ್ ವೇದಿಕೆಯಲ್ಲಿ ಅವರು ನೆನೆದದ್ದು 1998ರಲ್ಲಿ ತೀರಿಕೊಂಡ ಇದೇ ಕಿಮ್ ಅವರನ್ನು.

1970ರ ದಶಕದ ನಡುವೆ ಗಾಯಕರೊಬ್ಬರನ್ನು ಮದುವೆಯಾಗಿ ಅಮೆರಿಕಕ್ಕೆ ಹೋದರು. ಸುಮಾರು ಹತ್ತು ವರ್ಷ ಫ್ಲಾರಿಡಾದಲ್ಲಿ ಸಂಸಾರ, ಇಬ್ಬರು ಗಂಡುಮಕ್ಕಳು. 1984ರಲ್ಲಿ ವಾಪಸಾದರು, 1987ರಲ್ಲಿ ವಿಚ್ಛೇದನವಾಯಿತು. ಪಟ್ಟಿಯಲ್ಲಿ ನೀವು ಕಂಡ ಮೊದಲ ಖಾಲಿ ಜಾಗ ಇದು.

ಎರಡನೆಯದು ಖಾಲಿಯೇ ಅಲ್ಲ. ಮಕ್ಕಳನ್ನು ಸಾಕಬೇಕು, ಕೈಯಲ್ಲಿ ದುಡ್ಡಿಲ್ಲ. ವಿಚ್ಛೇದಿತೆ ಟಿವಿಯಲ್ಲಿ ಕಾಣಿಸಿಕೊಳ್ಳಬಾರದು, ಆ ಒರಟು ದನಿ ಕೇಳಲಾಗದು ಎಂಬ ದೂರುಗಳು ಬೇರೆ. ಪಾತ್ರ ದೊಡ್ಡದೋ ಚಿಕ್ಕದೋ ಎಂದು ನೋಡದೆ ಬಂದದ್ದನ್ನೆಲ್ಲ ಒಪ್ಪಿಕೊಂಡೆ ಎಂದು ಅವರೇ ಸಂದರ್ಶನಗಳಲ್ಲಿ ಹೇಳಿದ್ದಾರೆ. ಆಗ ಕೈ ಹಿಡಿದದ್ದು ವಾರಾಂತ್ಯದ ಧಾರಾವಾಹಿ. ನೀವು ಈಗ ನೋಡುವ 16 ಕಂತಿನ ಕೊರಿಯನ್ ಸರಣಿಗಿಂತ ಇದು ಬೇರೆ ಜಾತಿ. ಶನಿವಾರ ಒಂದು, ಭಾನುವಾರ ಒಂದು, ಒಟ್ಟು ಐವತ್ತರ ಆಸುಪಾಸು ಕಂತು, ಮೂರು ತಲೆಮಾರಿನ ಒಂದು ಮನೆ, ಊಟದ ಮೇಜಿನ ಸುತ್ತ ಎಂಟು ಹತ್ತು ಜನರ ಮಾತು. ಜನಪ್ರಿಯವಾದರೆ ಕಂತು ಹೆಚ್ಚುತ್ತದೆ, ಬರಹ ಚಿತ್ರೀಕರಣದ ಬೆನ್ನಿಗೇ ಓಡುತ್ತದೆ.

ಇಲ್ಲಿ ಅವರಿಗೆ ಸಿಕ್ಕ ಗರಡಿ ಕಿಮ್ ಸೂ-ಹ್ಯುನ್ ಎಂಬ ಲೇಖಕಿ. (ಇದೇ ಹೆಸರಿನ ಯುವ ನಾಯಕನಟ ಬೇರೆ. ಹುಡುಕುವಾಗ ನೂರಕ್ಕೆ ತೊಂಬತ್ತು ಸಲ ಅವರೇ ಸಿಗುತ್ತಾರೆ, ಮೋಸ ಹೋಗಬೇಡಿ.) ಈಕೆಯ ಸಂಭಾಷಣೆ ಉದ್ದ, ವೇಗ ವಿಪರೀತ. ಓದಿನ ತಾಲೀಮಿಗೆ ತಾವೇ ಬಂದು ಕೂರುವವರು, ಬರೆದ ಒಂದು ಪದ ಆಚೀಚೆಯಾದರೂ ಬಿಡುವವರಲ್ಲ. 1991ರಲ್ಲಿ ಶುರುವಾದ ಅವರ ‘ಸರಾಂಗಿ ಮ್ವೊಗಿಲ್ಲೆ’ಯ ಸರಾಸರಿ ವೀಕ್ಷಣೆ ಶೇ 59.6. ಅದರಲ್ಲಿ ಯೂನ್ ಮಾಡಿದ್ದು ಮದುಮಗಳ ತಾಯಿಯ ಪಾತ್ರ. ಅವರಿಗೆ ಆಗ 44, ಮಗಳಾಗಿದ್ದ ಹಾ ಹಿ-ರಾಗೆ 22. ಮೊನ್ನೆಯವರೆಗೆ ನಾಯಕಿ, ಇವತ್ತು ಬೀಗಿತ್ತಿ. ಅಲ್ಲಿಯ ನಟಿಯರ ಪಾಲಿಗೆ ನಡುವಿನ ಮೆಟ್ಟಿಲು ಇರುತ್ತಲೇ ಇರಲಿಲ್ಲ. 1995ರ ‘ಮೊಗ್ಯೊಕ್‌ತಾಂಗ್‌ಜಿಪ್ ನಮ್‌ಜಾದುಲ್’ನಲ್ಲಿ ಸೊಸೆ, 2012ರ ‘ನೊಂಗ್‌ಕುಲ್‌ಚೆ ಗುಲ್ಲೊಓನ್ ದಾಂಗ್ಶಿನ್’ನಲ್ಲಿ ಅತ್ತೆ. ಹೊರದೇಶದ ವಿಮರ್ಶಕರು ಇವನ್ನು ನೋಡಿಯೇ ಇಲ್ಲ. ಕೊರಿಯಾದ ಮನೆಮನೆಗೂ ಅವರು ಪರಿಚಯವಾದದ್ದು ಇವುಗಳಿಂದ.

ಚಿತ್ರರಂಗಕ್ಕೆ ನಿಜವಾದ ಮರುಪ್ರವೇಶ 2003ರಲ್ಲಿ, ಇಮ್ ಸಾಂಗ್-ಸೂ ಅವರ ‘ಎ ಗುಡ್ ಲಾಯರ್ಸ್ ವೈಫ್’. ಗಂಡ ಸಾವಿನ ಹಾಸಿಗೆಯಲ್ಲಿರುವಾಗ ತನಗೊಬ್ಬ ಗೆಳೆಯನಿದ್ದಾನೆ ಎಂದು ಮಗ ಸೊಸೆಗೆ ನೇರವಾಗಿ ಹೇಳುವ ಅತ್ತೆ. ಟಿವಿ ಹನ್ನೆರಡು ತಿಂಗಳೂ ಮಾಡಿಸುತ್ತಿದ್ದ ತಾಯಿಯ ಪಾತ್ರವನ್ನೇ ತೆಗೆದುಕೊಂಡು ತಲೆಕೆಳಗು ಮಾಡಿದಂತೆ. 2010ರಲ್ಲಿ ಅದೇ ನಿರ್ದೇಶಕರ ‘ದ ಹೌಸ್‌ಮೇಡ್’. ಇಲ್ಲಿ ಸ್ವಲ್ಪ ಗೊಂದಲವಿದೆ, ಬಿಡಿಸಿ ಹೇಳಬೇಕು. ಮೂಲ ‘ಹೌಸ್‌ಮೇಡ್’ 1960ರದು, ಕಿಮ್ ಕಿ-ಯಂಗ್ ಅವರದು. ಅದನ್ನು ಅವರೇ 1971ರಲ್ಲಿ ‘ಹ್ವಾನ್ಯೊ’ ಎಂದು ಮತ್ತೆ ತೆಗೆದರು. 2010ರದು ಇಮ್ ಅವರ ಮರುಸೃಷ್ಟಿ. ಅಂದು ಕೆಲಸದ ಹುಡುಗಿಯಾಗಿದ್ದ ಯೂನ್, 39 ವರ್ಷದ ನಂತರ ಅದೇ ಕಥೆಯಲ್ಲಿ ಮನೆಯ ಹಳೆಯ ಮೇಲ್ವಿಚಾರಕಿ. ಹುಡುಗಿ ಈಗ ಜಾನ್ ದೊ-ಯಾನ್. ಬೆನ್ನು ನೆಟ್ಟಗೆ, ಮುಖದಲ್ಲಿ ಏನೂ ಇಲ್ಲ, ಯಜಮಾನರು ಆಚೆ ಹೋದ ಕೂಡಲೇ ಗಂಟಲಿಂದ ಹೊರಬರುವ ಬೈಗುಳ. ಕೊರಿಯಾದ ಪೋಷಕ ನಟಿ ಪ್ರಶಸ್ತಿಗಳೆಲ್ಲ ಆ ವರ್ಷ ಹೆಚ್ಚೂಕಡಿಮೆ ಇವರಿಗೇ ಹೋದವು.

ಹಾಂಗ್ ಸಾಂಗ್-ಸೂ ಅವರ ಜೊತೆಗಿನ ಕೆಲಸ ಇದಕ್ಕೆ ತದ್ವಿರುದ್ಧ. ಆ ದಿನದ ದೃಶ್ಯವನ್ನು ಆ ದಿನ ಬೆಳಿಗ್ಗೆಯೇ ಬರೆದು ಕೈಗೆ ಕೊಡುವ ನಿರ್ದೇಶಕರು ಅವರು. ‘ಹಹಹ’ದಲ್ಲಿ (2010) ಕರಾವಳಿ ಊರಿನಲ್ಲಿ ಮೀನುಸಾರಿನ ಹೋಟೆಲು ನಡೆಸುವ ತಾಯಿ ಪಾತ್ರ ಹೀಗೆ ಹುಟ್ಟಿದ್ದು. ಅಕ್ಷರ ತಪ್ಪಬಾರದ ಲೇಖಕಿಯ ಬಳಿ ಪಳಗಿದವರು, ಗಂಟೆ ಮುಂಚೆ ಹಾಳೆ ಸಿಗುವ ಸೆಟ್ಟಿನಲ್ಲೂ ಸಲೀಸಾಗಿ ನಿಂತರು. 2012ರ ಕಾನ್ ಚಿತ್ರೋತ್ಸವದ ಸ್ಪರ್ಧಾ ವಿಭಾಗದಲ್ಲಿ ಅವರಿದ್ದ ಎರಡು ಚಿತ್ರಗಳಿದ್ದವು, ಒಂದು ಹಾಂಗ್ ಅವರದು, ಇನ್ನೊಂದು ಇಮ್ ಅವರದು. 2016ರ ‘ದ ಬ್ಯಾಕಸ್ ಲೇಡಿ’ ನಮ್ಮ ಲೆಕ್ಕದಲ್ಲಿ ಅವರ ಅತ್ಯುತ್ತಮ ಕೆಲಸ. ಸೋಲ್ ನಗರದ ಉದ್ಯಾನಗಳಲ್ಲಿ ಶಕ್ತಿಪಾನೀಯದ ಬಾಟಲಿ ಮುಂದೆ ಹಿಡಿದು ಮುದುಕರಿಗೆ ಮೈ ಮಾರಿಕೊಳ್ಳುವ ವೃದ್ಧೆ, ಮರುಕ ಬೇಡದ ಮುಖ. ‘ಮಿನಾರಿ’ಗಿಂತ ಒಂದು ಕೈ ಮೇಲು.

‘ಮಿನಾರಿ’ ಸುಮಾರು 20 ಲಕ್ಷ ಡಾಲರಿನ ಸಣ್ಣ ಚಿತ್ರ. 2019ರ ಬೇಸಿಗೆಯಲ್ಲಿ ಓಕ್ಲಹೋಮಾದ ಸೆಕೆಯಲ್ಲಿ 25 ದಿನಗಳಲ್ಲಿ ಮುಗಿಸಿದ್ದು. ನಿಮ್ಮ ಅಜ್ಜಿಯನ್ನೇ ಅನುಕರಿಸಬೇಕೇ ಎಂದು ಯೂನ್ ಕೇಳಿದಾಗ ನಿರ್ದೇಶಕ ಲೀ ಐಸಾಕ್ ಚುಂಗ್ ಬೇಡವೆಂದರಂತೆ. ಹಾಗಾಗಿಯೇ ಆ ಅಜ್ಜಿ ಬಿಸ್ಕತ್ತು ಬೇಯಿಸುವುದಿಲ್ಲ, ಮೊಮ್ಮಗನಿಗೆ ಹ್ವಾತು ಎಲೆಯಾಟ ಕಲಿಸುತ್ತಾಳೆ, ಬೈಯುತ್ತಾಳೆ. ಮಾತನ್ನು ಒತ್ತಿ ಹೇಳದೆ ಬಿಸಾಕಿ ಮುಂದೆ ಹೋಗುವ ಆ ರೀತಿ ವಾರಾಂತ್ಯದ ಧಾರಾವಾಹಿಗಳ ಊಟದ ಮೇಜಿನಿಂದ ಬಂದದ್ದು. ಕಥೆಯಲ್ಲಿ ಅಜ್ಜಿಗೆ ಪಾರ್ಶ್ವವಾಯು ಬಡಿದ ಮೇಲೆ ಯೂನ್ ಅದೇ ದನಿಯಿಂದ ವೇಗ ಕಿತ್ತುಕೊಂಡು ಬಿಡುತ್ತಾರೆ, ಎದೆ ಝಲ್ಲೆನ್ನುವುದು ಅಲ್ಲಿ. ಇನ್ನು ಚಿತ್ರಕ್ಕೆ ಹೆಸರು ಕೊಟ್ಟ ಮಿನಾರಿ ಎಂಬ ಸೊಪ್ಪು: ಕೊತ್ತಂಬರಿ, ಓಮ, ನಮ್ಮ ಒಂದೆಲಗ ಇವೆಲ್ಲದರ ಕುಟುಂಬದ್ದೇ, ಒಂದೆಲಗದ ಹಾಗೆ ನೀರಿನಂಚಿನಲ್ಲಿ ಹಬ್ಬುತ್ತದೆ.

ಹೆಸರಿನ ವಿಚಾರ. ಕೊರಿಯಾದಲ್ಲಿ ಮನೆತನದ ಹೆಸರು ಮೊದಲು, ಆದ್ದರಿಂದ ‘ಯೂನ್’ ಮನೆತನ, ‘ಯೊಜಂಗ್’ ಅವರ ಹೆಸರು. ನಡುವಿನ ಸ್ವರ ನಮ್ಮ ‘ಯ’ ಮತ್ತು ‘ಯೊ’ ನಡುವಿನದು, ಕನ್ನಡದಲ್ಲಿ ಅದಕ್ಕೆ ಸರಿಯಾದ ಅಕ್ಷರವಿಲ್ಲ. ಇಂಗ್ಲಿಷ್ ಕಾಗುಣಿತ ನೋಡಿ ‘ಯುಹ್-ಜಂಗ್’ ಎಂದು ಬರೆದರೆ ಇಲ್ಲದ ಹಕಾರ ಬಂದು ಕೂರುತ್ತದೆ. ‘ಮಿನಾರಿ’ಯ ನಾಯಕ ಸ್ಟೀವನ್ ಅವರ ಮನೆತನ ‘ಯಾನ್’, ಇವರಿಗೆ ನಂಟಲ್ಲ.

ಶುರು ಮಾಡುವುದು 2016ರ ‘ಡಿಯರ್ ಮೈ ಫ್ರೆಂಡ್ಸ್’ ಸರಣಿಯಿಂದ. 16 ಕಂತು, ಅವರ ತಲೆಮಾರಿನ ದೊಡ್ಡ ನಟಿಯರೆಲ್ಲ ಒಂದೇ ಕಡೆ, ಮನೆಮಂದಿ ಕೂತು ನೋಡಬಹುದು. ಯೂನ್ ಅದರಲ್ಲಿ ಮದುವೆಯಾಗದೆ ಉಳಿದು ಕೆಫೆ ನಡೆಸುವವಳು. ಆಮೇಲೆ ‘ಮಿನಾರಿ’, ನಂತರ ‘ಬ್ಯಾಕಸ್ ಲೇಡಿ’. ಇಮ್ ಅವರ ಚಿತ್ರಗಳನ್ನು ಮಕ್ಕಳು ಮಲಗಿದ ಮೇಲೆ ನೋಡಿ. ‘ಪಚಿಂಕೊ’ ಸರಣಿ (2022) ನೋಡುವುದಾದರೆ ಡಬ್ಬಿಂಗ್ ಬೇಡ, ಮೂಲ ಮಾತನ್ನೇ ಇಟ್ಟು ಸಬ್‌ಟೈಟಲ್ ಹಾಕಿಕೊಳ್ಳಿ. ಕೊರಿಯನ್ ಮಾತು ಹಳದಿಯಲ್ಲಿ, ಜಪಾನೀ ಮಾತು ನೀಲಿಯಲ್ಲಿ ಬರುತ್ತದೆ. ಯೂನ್ ಮಾಡಿರುವ ಮುದುಕಿ ಸುಂಜಾ ಯಾರೊಡನೆ ಯಾವ ಭಾಷೆಗೆ ಹೊರಳುತ್ತಾಳೆ ಎಂಬುದು ಬಣ್ಣದಿಂದಲೇ ಗೊತ್ತಾಗುತ್ತದೆ, ಡಬ್ಬಿಂಗ್‌ನಲ್ಲಿ ಅದು ಪೂರ್ತಿ ಕಳೆದುಹೋಗುತ್ತದೆ.