ಬಿಕಾಂ ಆದವರು ಎಂಬಿಎಲ್ ಮಾಡಿದರೆ ವಕೀಲರಾಗಬಹುದಾ?

ಬಿಕಾಂ ಮುಗಿಸಿ ಅಕೌಂಟ್ಸ್‌ನಲ್ಲಿದ್ದೀರಿ, ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿನ ಎಂಬಿಎಲ್ (ಮಾಸ್ಟರ್ ಆಫ್ ಬಿಸಿನೆಸ್ ಲಾಸ್, ಅಂದರೆ ವ್ಯಾಪಾರ ಕಾನೂನಿನ ಕೋರ್ಸು) ಮಾಡಿದರೆ ಕೋರ್ಟಿನಲ್ಲಿ ವಾದ ಮಾಡಬಹುದಾ ಅಂತ ಕೇಳಿದ್ದೀರಿ. ಆಗುವುದಿಲ್ಲ. ವಕೀಲರಾಗಲು ಬಾರ್ ಕೌನ್ಸಿಲ್‌ನಲ್ಲಿ (ವಕೀಲರ ನೋಂದಣಿ ಮಾಡುವ ಸಂಸ್ಥೆ) ಹೆಸರು ನೋಂದಾಯಿಸಬೇಕು, ಅದಕ್ಕೆ ಕಾನೂನು ಪದವಿ ಎಲ್‌ಎಲ್‌ಬಿ ಬೇಕೇ ಬೇಕು. ಡಿಗ್ರಿ ಆದವರಿಗೆ ಅದು 3 ವರ್ಷ. ಕಾನೂನಿನ ಸ್ನಾತಕೋತ್ತರ ಪದವಿಯಾದ ಎಲ್‌ಎಲ್‌ಎಂ ಸೇರುವುದಕ್ಕೂ ಎಲ್‌ಎಲ್‌ಬಿಯೇ ಬೇಕು.

ಎಂಬಿಎಲ್ ದಂಡ ಅಂತಲ್ಲ. ಯಾವ ಡಿಗ್ರಿ ಆದವರೂ ಸೇರಬಹುದು, ಕೆಲಸ ಬಿಡಬೇಕಾಗಿಲ್ಲ. ಆಫೀಸಿನಲ್ಲಿ ಕೈಗೆ ಬರುವ ಕಾಗದಗಳನ್ನು ಬೇರೆ ಕಣ್ಣಿನಿಂದ ಓದಲು ಕಲಿಯುತ್ತೀರಿ. ನಿಮ್ಮ ಅಪಾಯಿಂಟ್‌ಮೆಂಟ್ ಲೆಟರ್ ತೆಗೆದು ನೋಡಿ. 'ಕೆಲಸ ಬಿಟ್ಟ ಮೇಲೆ 2 ವರ್ಷ ಎದುರಾಳಿ ಕಂಪನಿ ಸೇರಬಾರದು' ಅಂತ ಇದ್ದರೂ ಇರಬಹುದು. 1872ರ ಕರಾರು ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಅಂಥ ಷರತ್ತು ಸಾಮಾನ್ಯವಾಗಿ ನಿಲ್ಲುವುದಿಲ್ಲ. ಹಾಗಂತ ಕಂಪನಿಯ ಗುಟ್ಟು ಹೊರಗೆ ಹಾಕಬಹುದು ಅಂತಲ್ಲ, ಅದು ಬೇರೆ ವಿಷಯ! ಕೆಲಸದಲ್ಲಿರುವಷ್ಟು ದಿನಕ್ಕೆ ಮಾತ್ರ ಅನ್ವಯಿಸುವ ಷರತ್ತೂ ಬೇರೆ. ಈ ಗೆರೆ ಎಲ್ಲಿ ಬೀಳುತ್ತದೆ ಅನ್ನುವುದೇ ಓದಿನ ಮಜಾ.

ಕರಿ ಕೋಟೇ ಆಸೆ ಇದ್ದರೆ ಸುಮ್ನೆ ಸುತ್ತಿ ಬಳಸಬೇಡಿ, ಎಲ್‌ಎಲ್‌ಬಿ ಸೇರಿ. ಕಂಪನಿ ಒಳಗೇ ಬೆಳೆಯಬೇಕು ಅಂದರೆ ಸಿಎಸ್ (ಕಂಪನಿ ಸೆಕ್ರೆಟರಿ ಕೋರ್ಸು) ಕೂಡ ನೋಡಿ, ಬಿಕಾಂ ಓದಿದವರಿಗೆ ಅದು ಜಾಸ್ತಿ ಹೊಂದುತ್ತದೆ ಅಂತ ನನ್ನ ಅನಿಸಿಕೆ. ಈಗಿನ ಫೀಸು, ಅರ್ಜಿ ದಿನಾಂಕ ಎಲ್ಲ ಲಾ ಸ್ಕೂಲಿನ ವೆಬ್‌ಸೈಟಿನಲ್ಲೇ ನೋಡಿಕೊಳ್ಳಿ.