ಪ್ರವಾಸೋದ್ಯಮದಲ್ಲಿ ಬಿ.ವೋಕ್ ಓದಿಸಬಹುದೇ?

ಪ್ರಶ್ನೆ: ಮಗಳು ಕಲಾ ವಿಭಾಗದಲ್ಲಿ ಪಿಯುಸಿ ಮುಗಿಸಿದ್ದಾಳೆ. ಪ್ರವಾಸೋದ್ಯಮ ನಿರ್ವಹಣೆಯಲ್ಲಿ ಬಿ.ವೋಕ್ (ಬ್ಯಾಚುಲರ್ ಆಫ್ ವೊಕೇಶನ್) ಸೇರುವ ಆಸೆ ಅವಳದು. ಅದು ಕೇವಲ ತರಬೇತಿ, ಪದವಿಯಲ್ಲ ಎಂದು ನೆಂಟರು ಹೇಳುತ್ತಾರೆ. ಏನು ಮಾಡಲಿ?
– ಓದುಗರೊಬ್ಬರು, ಹೊಸಪೇಟೆ

ಉತ್ತರ: ನೆಂಟರ ಆತಂಕಕ್ಕೆ ಆಧಾರವಿಲ್ಲ. ಬಿ.ವೋಕ್ ಎಂಬುದು ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) 2014ರಲ್ಲಿ ಜಾರಿಗೆ ತಂದ ಮೂರು ವರ್ಷಗಳ ಪೂರ್ಣ ಪದವಿ. ಯಾವುದೇ ವಿಷಯದ ಪದವಿ ಸಾಕೆನ್ನುವ ಸ್ಪರ್ಧಾತ್ಮಕ ಪರೀಕ್ಷೆಗಳಿಗೂ ಇದನ್ನು ಪರಿಗಣಿಸಬೇಕೆಂದು ಯುಜಿಸಿ ಸ್ಪಷ್ಟಪಡಿಸಿದೆ. ಒಂದು ವರ್ಷಕ್ಕೆ ಬಿಟ್ಟರೆ ಡಿಪ್ಲೊಮಾ, ಎರಡಕ್ಕೆ ಬಿಟ್ಟರೆ ಉನ್ನತ ಡಿಪ್ಲೊಮಾ ದೊರೆಯುವುದರಿಂದ ಮನೆಯ ಕಷ್ಟಕ್ಕೆ ಓದು ನಿಂತರೂ ಕೈ ಬರಿದಾಗುವುದಿಲ್ಲ.

ನೀವು ನೋಡಬೇಕಾದದ್ದು ಬೇರೆಯೇ ಇದೆ. ಯುಜಿಸಿಯ ಮೂಲ ಚೌಕಟ್ಟಿನಲ್ಲಿ ಒಟ್ಟು 180 ಕ್ರೆಡಿಟ್‌ಗಳ (ಕಲಿಕೆಯನ್ನು ಅಳೆಯುವ ಅಂಕಗಳು) ಪೈಕಿ 108 ಕೌಶಲಕ್ಕೆ, 72 ಸಾಮಾನ್ಯ ಶಿಕ್ಷಣಕ್ಕೆ ಮೀಸಲು. ಆ 108ನ್ನು ಕಪ್ಪು ಹಲಗೆಯ ಮೇಲೆಯೇ ಮುಗಿಸುವ ಕಾಲೇಜಾದರೆ ಬಿ.ಎ. ಓದಿಸುವುದೇ ಮೇಲು. ಟ್ರಾವೆಲ್ ಏಜೆನ್ಸಿಯ ಮೇಜಿನಲ್ಲಿ ಮೊದಲ ದಿನವೇ ಅಮೆಡಿಯಸ್ ಅಥವಾ ಗೆಲಿಲಿಯೊದಂತಹ ಟಿಕೆಟ್ ವ್ಯವಸ್ಥೆ ಎದುರಾಗುತ್ತದೆ. ಅಲ್ಲಿ ಊರಿನ ಹೆಸರು ನಡೆಯದು, ವಿಮಾನ ನಿಲ್ದಾಣದ ಮೂರಕ್ಷರದ ಇಂಗ್ಲಿಷ್ ಸಂಕೇತವೇ ಬೇಕು. ಬೆಂಗಳೂರು ಬಿಎಲ್‌ಆರ್ ಎಂದು ಊಹಿಸಬಹುದು, ಆದರೆ ಮಂಗಳೂರು ಐಎಕ್ಸ್‌ಇ, ಹುಬ್ಬಳ್ಳಿ ಎಚ್‌ಬಿಎಕ್ಸ್ ಎಂಬುದು ಬೆರಳಿಗೆ ರೂಢಿಯಾಗಿರಬೇಕು. ಪಾಸ್‌ಪೋರ್ಟ್‌ನಲ್ಲಿರುವ ಹೆಸರಿಗೂ ಟಿಕೆಟ್ಟಿನ ಹೆಸರಿಗೂ ಒಂದಕ್ಷರ ತಪ್ಪಿದರೂ ಪ್ರಯಾಣಿಕ ವಿಮಾನ ನಿಲ್ದಾಣದಲ್ಲಿ ಪರದಾಡಬೇಕಾದೀತು. ಇದನ್ನು ಪುಸ್ತಕ ಓದಿ ಕಲಿತವರನ್ನು ನಾನು ಕಂಡಿಲ್ಲ.

ನಿಮ್ಮ ಊರಿನ ಕಾರಣಕ್ಕೆ ಇನ್ನೊಂದು ಮಾತು. 1986ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿರುವ ಹಂಪಿ ಪಕ್ಕದಲ್ಲೇ ಇರುವಾಗ, ಪದವಿ ಮುಗಿಸಿ ಅಲ್ಲೇ ಗೈಡ್ ಆಗಬಹುದೆಂದು ಮಗಳು ಎಣಿಸಿರಬಹುದು. ಗೈಡ್ ಗುರುತಿನ ಚೀಟಿ ಪದವಿಯೊಂದಿಗೆ ತಾನಾಗಿ ಬರುವುದಿಲ್ಲ. ಪ್ರವಾಸೋದ್ಯಮ ಇಲಾಖೆಯ ತರಬೇತಿ, ಅನುಮತಿಗಳ ದಾರಿಯೇ ಪ್ರತ್ಯೇಕ. ಈ ಮೂರು ವರ್ಷಗಳಲ್ಲಿ ಫ್ರೆಂಚನ್ನೋ ಜರ್ಮನ್ನನ್ನೋ ಮಾತನಾಡುವಷ್ಟು ಕಲಿತರೆ ಎರಡೂ ದಾರಿಗಳಲ್ಲಿ ಬೆಲೆಯಿದೆ.

ಮುಂದೆ ಓದುವುದಾದರೆ, ಕೇಂದ್ರ ಪ್ರವಾಸೋದ್ಯಮ ಸಚಿವಾಲಯದಡಿ 1983ರಲ್ಲಿ ಆರಂಭವಾದ, ಗ್ವಾಲಿಯರ್‌ನಲ್ಲಿ ಮುಖ್ಯ ಕೇಂದ್ರವಿರುವ ಭಾರತೀಯ ಪ್ರವಾಸೋದ್ಯಮ ಮತ್ತು ಪ್ರಯಾಣ ನಿರ್ವಹಣಾ ಸಂಸ್ಥೆಯಲ್ಲಿ ಇದೇ ವಿಷಯದ ಎಂಬಿಎ ಇದೆ.

ಶುಲ್ಕ ಕಟ್ಟುವ ಮುನ್ನ ಕಾಲೇಜಿಗೆ ಒಮ್ಮೆ ಹೋಗಿಬನ್ನಿ. ಟಿಕೆಟ್ ತಂತ್ರಾಂಶವಿರುವ ಕಂಪ್ಯೂಟರ್ ಕೊಠಡಿಯನ್ನು ತೆರೆಸಿ ನೋಡಿ. ಕಳೆದ ವರ್ಷದ ವಿದ್ಯಾರ್ಥಿಗಳು ಇಂಟರ್ನ್‌ಶಿಪ್ ಎಲ್ಲಿ, ಎಷ್ಟು ತಿಂಗಳು ಮಾಡಿದರೆಂದು ಅವರ ಬಾಯಿಂದಲೇ ಕೇಳಿ.