ತೂತು ಚಿಕ್ಕದಾದರೆ ಕ್ಯಾನ್ಸರ್ ಪೂರ್ತಿ ಹೋಗುತ್ತಾ?

ಪ್ರಶ್ನೆ: ಅಪ್ಪನಿಗೆ 64 ವರ್ಷ. ದೊಡ್ಡ ಕರುಳಿನ ಬಲಭಾಗದಲ್ಲಿ ಕ್ಯಾನ್ಸರ್ ಗೆಡ್ಡೆ ಇದೆ, ಬೇರೆ ಕಡೆ ಹರಡಿಲ್ಲವಂತೆ. ಡಾಕ್ಟರು ಲ್ಯಾಪರೋಸ್ಕೋಪಿ, ಅಂದರೆ ಚಿಕ್ಕ ತೂತುಗಳ ಮೂಲಕ ಆಪರೇಷನ್, ಮಾಡೋಣ ಅಂತಾರೆ. ಚಿಕ್ಕಪ್ಪ ಮಾತ್ರ ‘ತೂತಿನಲ್ಲಿ ಮಾಡಿದರೆ ಒಂದಿಷ್ಟು ಒಳಗೇ ಉಳಿಯುತ್ತೆ, ಹೊಟ್ಟೆ ತೆರೆದೇ ಮಾಡಿಸಿ’ ಅಂತ ಹಟ ಹಿಡಿದಿದ್ದಾರೆ. ಯಾರ ಮಾತು ಕೇಳೋದು?

ಉತ್ತರ: ಡಾಕ್ಟರ ಮಾತು ಕೇಳಿ. ಆದರೆ ಚಿಕ್ಕಪ್ಪನ ಅನುಮಾನ ಸುಮ್ನೆ ತಳ್ಳಿಹಾಕುವಂಥದ್ದಲ್ಲ. 1990ರ ದಶಕದಲ್ಲಿ ಸರ್ಜನ್‌ಗಳಿಗೇ ಈ ಹೆದರಿಕೆ ಇತ್ತು, ತೂತು ಮಾಡಿದ ಜಾಗದಲ್ಲೇ ಕ್ಯಾನ್ಸರ್ ಮತ್ತೆ ಕಾಣಿಸಿಕೊಂಡ ಉದಾಹರಣೆಗಳೂ ಇದ್ದವು. ಆಮೇಲೆ ಅಮೆರಿಕ, ಕೆನಡಾಗಳಲ್ಲಿ 872 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ತೂತಿನಲ್ಲಿ, ಇನ್ನೊಂದಕ್ಕೆ ಹೊಟ್ಟೆ ತೆರೆದು ಆಪರೇಷನ್ ಮಾಡಿ ಹೋಲಿಸಿ ನೋಡಿದರು. 2004ರಲ್ಲಿ ಫಲಿತಾಂಶ ಬಂತು: ಮೂರು ವರ್ಷದಲ್ಲಿ ಕ್ಯಾನ್ಸರ್ ಮರುಕಳಿಸಿದ್ದು ಎರಡೂ ಕಡೆ ಹೆಚ್ಚುಕಮ್ಮಿ ಒಂದೇ.

ಯಾಕೆಂದರೆ ಚಿಕ್ಕದಾಗುವುದು ಹೊರಗಿನ ಗಾಯ ಮಾತ್ರ. ಹೊಟ್ಟೆಗೆ ಕಾರ್ಬನ್ ಡೈಆಕ್ಸೈಡ್ ತುಂಬಿಸಿ ಉಬ್ಬಿಸಿ, ಒಂದು ತೂತಿನಲ್ಲಿ ಕ್ಯಾಮೆರಾ, ಉಳಿದವುಗಳಲ್ಲಿ ಉಪಕರಣ ತೂರಿಸಿ, ಗೆಡ್ಡೆ ಇರುವ ಕರುಳಿನ ತುಂಡನ್ನು ಅದರ ರಕ್ತನಾಳ, ಲಿಂಫ್ ಗಂಟುಗಳ (ಕ್ಯಾನ್ಸರ್ ಹರಡುವಾಗ ಸಾಮಾನ್ಯವಾಗಿ ಮೊದಲು ತಲುಪುವ ಸಣ್ಣ ಗ್ರಂಥಿಗಳು) ಸಮೇತ ಬಿಡಿಸುತ್ತಾರೆ. ಅದನ್ನು ಹೊರಗೆ ತೆಗೆಯಲು ಸಾಮಾನ್ಯವಾಗಿ ನಾಲ್ಕೈದು ಸೆಂ.ಮೀ. ಕೊಯ್ಯಲೇಬೇಕು. ಆ ಗಾಯದ ಅಂಚಿಗೆ ಗೆಡ್ಡೆ ತಾಗದಂತೆ ಪ್ಲಾಸ್ಟಿಕ್ ಹೊದಿಕೆ ಹಾಕುತ್ತಾರೆ. ಕೈಯಿಂದ ಮುಟ್ಟಿ ಗೆಡ್ಡೆ ಹುಡುಕಲು ಆಗಲ್ಲ ಅಲ್ವಾ, ಅದಕ್ಕೇ ಎಷ್ಟೋ ಸಲ ಮೊದಲೇ ಕೊಲೊನೋಸ್ಕೋಪಿಯಲ್ಲಿ (ಗುದದ್ವಾರದಿಂದ ಕ್ಯಾಮೆರಾ ಕೊಳವೆ ಹಾಕಿ ಕರುಳು ನೋಡುವ ಪರೀಕ್ಷೆ) ಇಂಕು ಚುಚ್ಚಿ ಗುರುತು ಮಾಡಿರುತ್ತಾರೆ.

ನೀವು ಕೇಳಬೇಕಾದ್ದು ಬೇರೆ. ಈ ಸರ್ಜನ್ ಕರುಳಿನ ಕ್ಯಾನ್ಸರಿಗೆ ಈ ಆಪರೇಷನ್ ಆಗಾಗ ಮಾಡುತ್ತಾರಾ? ಆಪರೇಷನ್ ಆದಮೇಲೆ ಬರುವ ಬಯಾಪ್ಸಿ ರಿಪೋರ್ಟಿನಲ್ಲಿ ಎಷ್ಟು ಲಿಂಫ್ ಗಂಟು ಪರೀಕ್ಷಿಸಿದ್ದಾರೆ ನೋಡಿ, ಕನಿಷ್ಠ 12 ಇರಬೇಕು ಅನ್ನೋದು ರೂಢಿಯ ಲೆಕ್ಕ. ಕೀಮೋ ಬೇಕೋ ಬೇಡವೋ ಅನ್ನೋದು ಬಹುಪಾಲು ಆ ಗಂಟುಗಳ ಮೇಲೇ ನಿಂತಿರುತ್ತೆ.

ಗೆಡ್ಡೆ ಪಕ್ಕದ ಅಂಗಕ್ಕೆ ಅಂಟಿದ್ದರೆ, ಕರುಳು ಕಟ್ಟಿಕೊಂಡು ಊದಿದ್ದರೆ ಹೊಟ್ಟೆ ತೆರೆಯುವುದೇ ವಾಸಿ ಆಗಬಹುದು. ಮಧ್ಯದಲ್ಲಿ ತೆರೆಯಬೇಕಾಗಿ ಬಂದರೂ ‘ಫೇಲಾಯ್ತು’ ಅಂದುಕೊಳ್ಳಬೇಡಿ. ಆ 872 ರೋಗಿಗಳ ಅಧ್ಯಯನದಲ್ಲೇ, ತೂತಿನಲ್ಲಿ ಶುರುಮಾಡಿದ ಐವರಲ್ಲಿ ಒಬ್ಬರಿಗೆ ಹಾಗೆ ಮಾಡಿದ್ದರು.

ಪ್ರಶ್ನೆ: ಅಮ್ಮನಿಗೆ ಇದೇ ಆಪರೇಷನ್ ನಿನ್ನೆ ಆಯ್ತು. ಹೊಟ್ಟೆಗಿಂತ ಭುಜ ಜಾಸ್ತಿ ನೋಯುತ್ತಿದೆ ಅಂತಾರೆ!

ಉತ್ತರ: ಬಹುಶಃ ಆಪರೇಷನ್ನಿಗೆ ಹೊಟ್ಟೆಗೆ ತುಂಬಿಸಿದ ಗ್ಯಾಸಿನ ಕೆಲಸ. ಅದು ವಪೆಯನ್ನು (ಎದೆ, ಹೊಟ್ಟೆಗಳ ನಡುವಿನ ಸ್ನಾಯುವಿನ ಪರದೆ) ಕೆಣಕಿದರೆ ನೋವು ಭುಜದಲ್ಲಿ ಕಾಣಿಸುತ್ತೆ, ಸಾಮಾನ್ಯವಾಗಿ ಎರಡು ಮೂರು ದಿನದಲ್ಲಿ ಇಳಿಯುತ್ತೆ. ಆದರೂ ನರ್ಸ್‌ಗೆ ಹೇಳಿ. ಎದೆನೋವು, ಉಸಿರಾಟದ ತೊಂದರೆ ಇದ್ದರೆ, ಅಥವಾ ಜ್ವರ ಬಂದು ಹೊಟ್ಟೆ ಉಬ್ಬುತ್ತಾ ನೋವು ಏರುತ್ತಿದ್ದರೆ ಮಾತ್ರ ಒಂದು ಗಳಿಗೆಯೂ ಕಾಯಬೇಡಿ, ಕರುಳು ಹೊಲಿದ ಜಾಗ ಸೋರುವಾಗಲೂ ಹೀಗಾಗುತ್ತೆ.